ಮೂರನೆಯ ಹೆಸರು

ಸಾಗರ
೧೧ ನವೆಂಬರ್ ೨೦೨೫, ಮಂಗಳವಾರ

ಪ್ರೀತಿಯ ಹರಿಪ್ರಿಯಾ,

ನಾವೆಲ್ಲ ಚೆನ್ನಾಗಿದ್ದೇವೆ. ನೀನೂ ಸುಘೋಷನೂ ಚೆನ್ನಾಗಿದ್ದೀರಿ ಎಂದು ಮಗಳು ಲಿಖಿತಾ ಪ್ರತಿ ವಾರ ವರದಿ ಒಪ್ಪಿಸುತ್ತಾಳೆ. ನಿನ್ನ ಪತ್ರ ಬಂದದ್ದು ಆಗಸ್ಟ್ ಕೊನೆಯಲ್ಲಿ, ಉತ್ತರಕ್ಕೆ ಕೂತದ್ದು ಇವತ್ತು. ಬೈಯುವುದಿದ್ದರೆ ಈಗಲೇ ಬೈದು ಮುಗಿಸಿ ಆಮೇಲೆ ಮುಂದೆ ಓದು. ಲೀಗ್ ಶುರುವಾದರೆ ನನಗೆ ವಾರದಲ್ಲಿ ಎರಡೇ ದಿನ, ಮ್ಯಾಚ್ ಇರುವ ದಿನ ಮತ್ತು ಮ್ಯಾಚ್ ಇಲ್ಲದ ದಿನ. ಫೋನ್ ಮಾಡಬಹುದಿತ್ತು ನಿಜ. ಆದರೆ ನೀನು ಗೋಲ್‌ಕೀಪರ್ ಆಗಿದ್ದವಳು, ದನಿ ಕೇಳಿಯೇ ಚೆಂಡು ಯಾವ ಕಡೆಗೆ ಬರುತ್ತದೆ ಎಂದು ಹಿಡಿದುಬಿಡುತ್ತೀಯ. ಅದಕ್ಕೇ ಕಾಗದವೇ ವಾಸಿ ಎನಿಸಿತು.

ಮೊದಲು ಒಂದು ಧನ್ಯವಾದ. ಮಂಗಳೂರಿನಲ್ಲಿ ನನ್ನ ಮಗಳಿಗೆ ಭಾನುವಾರ ಊಟ ಹಾಕುವ ಮನೆಯೊಂದಿದೆ ಎನ್ನುವುದು ನನಗೂ ಗಣೇಶನಿಗೂ ಎಷ್ಟು ದೊಡ್ಡ ಸಮಾಧಾನ ಎಂದು ಬರೆದು ಮುಗಿಯುವುದಿಲ್ಲ. "ಹರಿ ಆಂಟಿ ಮನೆ ಸಾರಿಗೆ ನಿನ್ ಸಾರು ಹತ್ರಕ್ಕೂ ಬರಲ್ಲಮ್ಮ" ಎಂದಳು ಮೊನ್ನೆ. ನಾನು ಒಪ್ಪಿಕೊಂಡೆ. ನನ್ನ ಸಾರಿನ ಬಗ್ಗೆ ನನಗೆ ಯಾವ ಭ್ರಮೆಯೂ ಇಲ್ಲ.

ನನ್ನ ತಂಡದ ಬಗ್ಗೆ ಮಾತ್ರ ಕೊಚ್ಚಿಕೊಳ್ಳದೆ ಬಿಡುವುದಿಲ್ಲ. ಎಂಟು ತಂಡಗಳ ರಿಸರ್ವ್ ಲೀಗ್‌ನಲ್ಲಿ ನಾವು ಮೂರನೆಯವರಾಗಿದ್ದೇವೆ. ವರದಾ ಎಫ್‌ಸಿಯ ಮಹಿಳಾ ರಿಸರ್ವ್ ತಂಡ ಅಂದರೆ ಶಿವಮೊಗ್ಗದ ಆಫೀಸಿನಲ್ಲಿ ಕೂತವರಿಗೂ ಎರಡು ವರ್ಷದ ಕೆಳಗೆ ಏನೆಂದು ಗೊತ್ತಿರಲಿಲ್ಲ. ಅವರ ಲೆಕ್ಕದಲ್ಲಿ ಮೇಲಿನ ತಂಡದಲ್ಲಿ ಜಾಗ ಸಿಗದವರು ಕಾಯುವ ಬಸ್‌ಸ್ಟ್ಯಾಂಡ್ ಇದು. ಗುರುವಾರ ನಾನು ಹನ್ನೊಂದು ಹೆಸರು ಬರೆದು ಬೋರ್ಡಿಗೆ ಅಂಟಿಸಿದರೆ ಶುಕ್ರವಾರ ಸಂಜೆ ಮೇಲಿಂದ ಫೋನು: "ಸುಮನಾ ಮೇಡಂ, ನಿಮ್ಮ ಸ್ಟ್ರೈಕರ್‌ನ ನಮಗೆ ಕಳ್ಸಿ, ನಮ್ಮವಳಿಗೆ ಮಂಡಿ ನೋವು." ಅವಳ ಬದಲಿಗೆ ಒಬ್ಬಳನ್ನು ಕೆಳಗೆ ಕಳಿಸುತ್ತಾರೆ. ಅವಳು ಕೆಳಗಿಳಿದ ಸಿಟ್ಟಿನಲ್ಲಿ ಬೂಟಿನ ದಾರವನ್ನೂ ಕಟ್ಟಿಕೊಳ್ಳುವುದಿಲ್ಲ. ಅಂಥವರನ್ನೂ, ಅಕಾಡೆಮಿಯಿಂದ ಮೊನ್ನೆಯಷ್ಟೇ ಮೇಲೆ ಬಂದ ಮಕ್ಕಳನ್ನೂ ಸೇರಿಸಿ ಒಂದು ತಂಡ ಮಾಡುವುದು ನನ್ನ ಕೆಲಸ. ಅದು ನನಗೆ ಬರುತ್ತದೆ ಹರಿ. ಈಗ ಯಾರ ಮುಂದೆ ಬೇಕಾದರೂ ಹೇಳುತ್ತೇನೆ, ಅದು ನನಗೆ ಚೆನ್ನಾಗಿ ಬರುತ್ತದೆ. ಈ ವರ್ಷ ನನ್ನ ಕೈಯಲ್ಲಿ ಆಡಿದ ಇಬ್ಬರು ಮೇಲಿನ ತಂಡದಲ್ಲೇ ಉಳಿದುಕೊಂಡರು. ಕೆಳದಿ ರಸ್ತೆಯ ನಮ್ಮ ಮೈದಾನ ನೋಡಲು ಒಮ್ಮೆ ಬಾ. ಈ ಮಳೆಗಾಲದಲ್ಲಿ ಚರಂಡಿ ಸರಿಮಾಡಿಸಲು ಹಟ ಹಿಡಿದು ಮೂರು ಸಲ ಜಗಳವಾಡಿದೆ. ಈಗ ಪೆನಾಲ್ಟಿ ಬಾಕ್ಸಿನಲ್ಲಿ ನೀರು ನಿಲ್ಲುವುದಿಲ್ಲ.

ಇನ್ನು ನಿನ್ನ ಪತ್ರಕ್ಕೆ ಬರುತ್ತೇನೆ. ಎರಡು ಪುಟದ ಕೊನೆಯಲ್ಲಿ ನೀನು ಒಂದೇ ಸಾಲು ಬರೆದಿದ್ದೆ: "ಜೂನ್‌ನಲ್ಲಿ ಏನು ನಡೆಯಿತು ಸುಮನಾ? ಹುಡುಗಿ ಏನೂ ಹೇಳುವುದಿಲ್ಲ, ನಾನು ಕೇಳಲೂ ಇಲ್ಲ." ನೇರವಾಗಿ ಹೇಳುತ್ತೇನೆ.

ನಮ್ಮ ಅಕಾಡೆಮಿಯ ನಿಯಮ ನಿನಗೆ ಗೊತ್ತು. ಹದಿನೆಂಟಕ್ಕೆ ಬಂದ ಹುಡುಗಿ ಒಂದೋ ರಿಸರ್ವ್ ತಂಡಕ್ಕೆ ಹತ್ತಬೇಕು, ಇಲ್ಲವೇ ಹೊರಗೆ ಹೋಗಬೇಕು. ಈ ಸಲ ನನ್ನಲ್ಲಿ ಖಾಲಿ ಇದ್ದದ್ದು ಮೂರು ಜಾಗ. ಅಕಾಡೆಮಿಯ ಕೋಚ್ ನಿರಂಜನ ನಾಲ್ಕು ಹುಡುಗಿಯರ ವರದಿ ತಂದುಕೊಟ್ಟ. ಅವನು ಪ್ರಾಮಾಣಿಕ ಮನುಷ್ಯ, ಐದು ವರ್ಷ ಆ ಮಕ್ಕಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದವನು. ಇಬ್ಬರ ಹೆಸರು ಕೂಡಲೇ ಬರೆದೆ. ಮೂರನೆಯ ಹೆಸರಿಗೆ ಉಳಿದವರು ಇಬ್ಬರು, ಇಬ್ಬರೂ ಮಿಡ್‌ಫೀಲ್ಡಿನವರು. ಒಬ್ಬಳು ಹುಲಿಕಲ್‌ನ ಸರೋಜ, ಇನ್ನೊಬ್ಬಳು ನನ್ನ ಮಗಳು.

ಸರೋಜ ಅಂದರೆ ನೀನು ಒಂದು ಸಲ ನೋಡಬೇಕಾದ ಹುಡುಗಿ. ಘಾಟಿಯ ಮೇಲಿನ ಆ ಊರಿನಲ್ಲಿ ಚಪ್ಪಟೆ ನೆಲವೇ ಕಡಿಮೆ. ಶಾಲೆಯ ಅಂಗಳದಿಂದ ಚೆಂಡು ಜಾರಿದರೆ ತರಲು ಅರ್ಧ ಗಂಟೆ ಇಳಿಯಬೇಕಂತೆ. ಅದಕ್ಕೇ ಚೆಂಡು ಕಾಲಿಗೆ ಅಂಟಿಸಿಕೊಳ್ಳುವುದನ್ನು ಕಲಿತಳು ಎಂದು ಅವಳೇ ನಗುತ್ತಾಳೆ. ದಣಿವು ಎಂದರೆ ಏನೆಂದು ಅವಳಿಗೆ ತಿಳಿಯದು.

ಆ ದಿನ ನಾನು ಮೂರನೆಯ ಸಾಲಿನಲ್ಲಿ ಸರೋಜ ಎಂದು ಬರೆದೆ.

ಬರೆಯುವಾಗ ನೀನು ನೆನಪಾದೆ. ೨೦೦೩ರಲ್ಲಿ ನಾವಿಬ್ಬರೂ ಬೆಂಗಳೂರಿನ ಆ ಕ್ಲಬ್ಬಿನ ಆಯ್ಕೆಗೆ ಹೋಗಿದ್ದೆವಲ್ಲ. ಎರಡು ದಿನ ನಿನ್ನನ್ನು ದಾಟಿ ಒಂದು ಗೋಲೂ ಹೋಗಲಿಲ್ಲ. ಪಟ್ಟಿ ಓದಿದಾಗ ನಿನ್ನ ಜಾಗದಲ್ಲಿ ಆಯ್ಕೆಗಾರರ ತಂಗಿಯ ಮಗಳು ಇದ್ದಳು. ವಾಪಸು ಬರುವಾಗ ಬಸ್ಸು ತರೀಕೆರೆ ದಾಟಿತು. ನೀನು ಕಿಟಕಿ ಕಡೆ ನೋಡುತ್ತಾ, "ಚೆನ್ನಾಗಿ ಆಡಿದ್ರೆ ಸಾಕು ಅಂದ್ಕೊಂಡಿದ್ದೆ ಕಣೆ" ಎಂದೆ. ಮತ್ತೆ ನೀನು ಗ್ಲೌಸ್ ಹಾಕಲಿಲ್ಲ. ನನ್ನ ಕೈಗೆ ಎಂದಾದರೂ ಪಟ್ಟಿ ಬರೆಯುವ ಪೆನ್ನು ಬಂದರೆ ಹಾಗೆ ಮಾಡುವುದಿಲ್ಲ ಎಂದು ಆ ಬಸ್ಸಿನಲ್ಲೇ ಅಂದುಕೊಂಡಿದ್ದೆ. ಮಾಡಲಿಲ್ಲ.

ಆಯ್ಕೆಯಾಗದವರನ್ನು ಆಫೀಸಿಗೆ ಕರೆದು ಎದುರಿಗೇ ಹೇಳುವುದು ನಮ್ಮಲ್ಲಿ ಪದ್ಧತಿ. ಗಣೇಶ ಹಿಂದಿನ ದಿನವೇ ಕೇಳಿಕೊಂಡಿದ್ದ. "ಮನೇಲೇ ಹೇಳಿಬಿಡೇ. ಅಲ್ಲಿ ಎಲ್ಲರ ಎದುರಿಗೆ ಯಾಕೆ?" ನಾನು ಒಪ್ಪಲಿಲ್ಲ. ಬೇರೆ ಮಕ್ಕಳಿಗೆ ಇಲ್ಲದ ಅನುಕೂಲ ಅವಳಿಗೂ ಬೇಡ ಎಂದೆ. ಲಿಖಿತಾ ಒಳಗೆ ಬಂದು ನಿರಂಜನನ ಪಕ್ಕದ ಕುರ್ಚಿಯಲ್ಲಿ ಕೂತಳು. ತಲೆಗೂದಲು ಬಿಗಿಯಾಗಿ ಕಟ್ಟಿದ್ದಳು, ಮ್ಯಾಚಿಗೆ ಹೊರಟವಳ ಹಾಗೆ.

"ಈ ಸಲ ನಿನ್ನ ಹೆಸರಿಲ್ಲ" ಎಂದೆ.

"ಕಾರಣ ಕೇಳ್ಬಹುದಾ ಮೇಡಂ?" ಎಂದಳು. ಮೈದಾನದಲ್ಲಿ ನಾನು ಅವಳಿಗೆ ಮೇಡಂ. ಅದು ನಾನೇ ಹಾಕಿದ ನಿಯಮ.

"ಚೆಂಡು ಬರೋ ಮುಂಚೆ ನೀನು ಹಿಂದೆ ತಿರುಗಿ ನೋಡಲ್ಲ. ಯಾರು ಮೈಮೇಲೆ ಬರ್ತಿದಾರೆ ಅಂತ ಚೆಂಡು ಸಿಕ್ಕಮೇಲೆ ನೋಡ್ತೀಯ. ಮೇಲಿನ ಹಂತದಲ್ಲಿ ಅದು ನಡೆಯಲ್ಲ."

"ಸರಿ ಮೇಡಂ. ಥ್ಯಾಂಕ್ಯೂ ಮೇಡಂ." ಎದ್ದು ನಿರಂಜನನಿಗೆ ಕೈಕೊಟ್ಟಳು, ನನಗೂ ಕೊಟ್ಟಳು. ಸಂಜೆ ಜೆರ್ಸಿ, ಟ್ರ್ಯಾಕ್‌ಸೂಟು ಎಲ್ಲ ಒಗೆದು ಮಡಚಿ ಸ್ಟೋರಿನಲ್ಲಿ ಸಹಿ ಹಾಕಿ ಒಪ್ಪಿಸಿದಳು.

ನಮ್ಮ ಅತ್ತೆ ದುಗ್ಗಮ್ಮ ಮಾತ್ರ ನನ್ನನ್ನು ಬಿಡಲಿಲ್ಲ. "ಎಂತ ಮಾರಾಯ್ತಿ, ಊರವ್ರ ಮಕ್ಕಳಿಗೆ ಜಾಗ ಇದ್ದು ನಮ್ಮನೆ ಹುಡುಗಿಗೆ ಇಲ್ವಾ? ನಿನ್ ಕೈಯಲ್ಲೇ ಪಟ್ಟಿ ಇತ್ತಲ್ಲೇ?" ಎಂದರು. "ನನ್ನ ಕೈಯಲ್ಲಿ ಇದ್ದದ್ದಕ್ಕೇ ಅತ್ತೆ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಎಂಟು ದಿನ ನನಗೆ ಕಾಫಿ ಲೋಟವನ್ನು ಕೈಗೆ ಕೊಡದೆ ಕಟ್ಟೆಯ ಮೇಲೆ ಇಟ್ಟು ಹೋದರು.

ಲಿಖಿತಾ ಮಾತ್ರ ಒಂದು ವಾರವೂ ಸುಮ್ಮನೆ ಕೂರಲಿಲ್ಲ. ಅಪ್ಪನ ಮೋಟಾರು ರಿಪೇರಿ ಅಂಗಡಿಯ ಫೋನಿನಿಂದ ತಾನೇ ವಿಚಾರಿಸಿ, ತಾನೇ ಬಸ್ಸು ಹತ್ತಿ, ಮಂಗಳೂರಿನ ಕ್ಲಬ್ಬಿನ ಆಯ್ಕೆಗೆ ಹೋಗಿ ಬಂದಳು. ಅವರ ರಿಸರ್ವ್ ತಂಡಕ್ಕೆ ಸೇರಿದಳು, ಅಲ್ಲೇ ಬಿ.ಕಾಂ.ಗೂ ಸೇರಿದಳು. ಉಳಿದದ್ದು ನಿನಗೆ ಗೊತ್ತು, ಮೊದಲ ಭಾನುವಾರವೇ ನಿನ್ನ ಬಾಗಿಲು ತಟ್ಟಿದಳಲ್ಲ.

ದಸರಾ ಮುಗಿದ ವಾರ ಅವರ ತಂಡ ನಮ್ಮಲ್ಲಿಗೇ ಆಡಲು ಬಂತು. ಒಂದು ಬೆಂಚಿನಲ್ಲಿ ನಾನು, ಎದುರಿನ ಬೆಂಚಿನಲ್ಲಿ ನನ್ನ ಮಗಳು. ಹುಲಿಕಲ್‌ನಿಂದ ಸರೋಜಳ ಅಪ್ಪ ಪುಟ್ಟಪ್ಪನೂ ಬಂದಿದ್ದರು. ಬೇಲಿಯ ಹತ್ತಿರ ಗಣೇಶನ ಪಕ್ಕದಲ್ಲೇ ನಿಂತು ಇಬ್ಬರೂ ಕಡಲೆಕಾಯಿ ಹಂಚಿಕೊಂಡು ತಿನ್ನುತ್ತಿದ್ದರು. ಅರ್ಧ ಆಟ ಮುಗಿದ ಮೇಲೆ ಲಿಖಿತಾಳನ್ನು ಮೈದಾನಕ್ಕೆ ಇಳಿಸಿದರು. ನಾನು ನನ್ನ ಹುಡುಗಿಯರಿಗೆ, "ಎಂಟನೇ ನಂಬರ್‌ಗೆ ಜಾಗ ಕೊಡಬೇಡಿ" ಎಂದು ಕೂಗಿದೆ. ಎಂಟನೇ ನಂಬರ್ ನನ್ನ ಮಗಳು. ಚೆಂಡು ಅವಳ ಕಡೆ ಹೊರಟಾಗಲೆಲ್ಲ ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ತಿರುಗಿ ನೋಡುತ್ತಿದ್ದಳು. ಅವಳ ಒಂದು ಪಾಸಿನಿಂದಲೇ ಅವರ ಗೋಲು ಬಂತು. ಕೊನೆಗೆ ಸರೋಜ ಮೂವತ್ತು ಹೆಜ್ಜೆ ಚೆಂಡನ್ನು ಕಾಲಲ್ಲೇ ಒಯ್ದು ನಮ್ಮ ಗೋಲು ಹೊಡೆಸಿದಳು. ಒಂದಕ್ಕೊಂದು ಗೋಲು, ಸಮ. ಆಟ ಮುಗಿದಾಗ ಆ ಇಬ್ಬರೂ ಹುಡುಗಿಯರು ಹೆಗಲ ಮೇಲೆ ಕೈಹಾಕಿಕೊಂಡು ನೀರು ಕುಡಿಯಲು ಹೋದರು. ಅದಕ್ಕಿಂತ ಚೆನ್ನಾದ ಸಂಜೆ ಆ ಮೈದಾನದಲ್ಲಿ ನಾನು ಕಂಡಿಲ್ಲ.

ದೀಪಾವಳಿಗೆ ಲಿಖಿತಾ ಎರಡು ದಿನ ಮನೆಗೆ ಬಂದಿದ್ದಳು. ಅಂಗಳದಲ್ಲಿ ಗೋಡೆಗೆ ಚೆಂಡು ಒದ್ದು, ಅದು ತಿರುಗಿ ಬರುವಷ್ಟರಲ್ಲಿ ಹಿಂದೆ ನಿಂತ ಗಣೇಶ ಎಷ್ಟು ಬೆರಳು ಎತ್ತಿದ್ದಾನೆ ಎಂದು ನೋಡಿ ಹೇಳಬೇಕು. "ಮೂರು! ಎರಡು! ಪಪ್ಪಾ, ಸರಿಯಾಗಿ ಎತ್ತು, ಹೆಬ್ಬೆರಳು ಲೆಕ್ಕಕ್ಕಿಲ್ಲ!" ನಾಲ್ಕು ತಿಂಗಳಿಂದ ದಿನಾ ಇನ್ನೂರು ಸಲ ಮಾಡುತ್ತಾಳಂತೆ. ಅತ್ತೆ ಜಗಲಿಯಲ್ಲಿ ಕೂತು ತಾವೂ ಬೆರಳು ಎತ್ತುತ್ತಿದ್ದರು. ಲಿಖಿತಾ ಬೆವರು ಒರೆಸಿಕೊಳ್ಳುತ್ತಾ ಬಂದು ನನ್ನ ಪಕ್ಕ ಮೆಟ್ಟಿಲ ಮೇಲೆ ಕೂತಳು.

"ನೀನು ಅವತ್ತು ಹೇಳ್ದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲಮ್ಮ. ಅಷ್ಟು ವರ್ಷ ಆಡಿದ್ರೂ ನಂಗೆ ಆ ತಪ್ಪು ಕಂಡೇ ಇರ್ಲಿಲ್ಲ ನೋಡು. ಅಲ್ಲಿ ಚಿಕ್ಕವ್ರಿಗೆಲ್ಲ ಹೇಳ್ತೀನಿ, ನಮ್ಮಮ್ಮನ ಕಣ್ಣು ಅಂದ್ರೆ ಕಣ್ಣು ಅಂತ."

ಹೀಗಾಯಿತು ನೋಡು. ಇಬ್ಬರು ಹುಡುಗಿಯರು, ಇಬ್ಬರೂ ಆಡುತ್ತಿದ್ದಾರೆ, ಇಬ್ಬರೂ ಬೆಳೆಯುತ್ತಿದ್ದಾರೆ. ಊರಿನಲ್ಲಿ ಒಬ್ಬರೂ ನನ್ನ ಪಟ್ಟಿಯ ಕಡೆ ಬೆರಳು ತೋರಿಸುವುದಿಲ್ಲ. ನಿನ್ನ ಪ್ರಶ್ನೆಗೆ ಇದೇ ಉತ್ತರ.

ನಿನ್ನ ಬೆನ್ನುನೋವಿಗೆ ನಮ್ಮ ಫಿಸಿಯೋ ಹೇಳಿದ ವ್ಯಾಯಾಮವನ್ನು ಇನ್ನೊಂದು ಹಾಳೆಯಲ್ಲಿ ಚಿತ್ರ ಬರೆದು ಇಟ್ಟಿದ್ದೇನೆ. ನಗದೆ ಮಾಡು. ಸುಘೋಷನಿಗೆ ನನ್ನ ನಮಸ್ಕಾರ ಹೇಳು. ತೀರ್ಥಹಳ್ಳಿಗೆ ಹೋದಾಗ ನಿನ್ನ ಅಮ್ಮನ ಕಾಲಿಗೆ ನನ್ನ ಪರವಾಗಿಯೂ ಒಂದು ನಮಸ್ಕಾರ ಮಾಡು. ನಿನ್ನ ಮನೆಯಲ್ಲಿ ನಗು ತುಂಬಿರಲಿ, ಉಣ್ಣುವವರು ಹೆಚ್ಚಲಿ.

ಇಂತಿ ನಿನ್ನ,
ಸುಮನಾ

ಮರೆತ ಮಾತು:

ಮರೆತದ್ದಲ್ಲ ಹರಿ. ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಡಿಸಿದೆ.

ಆ ತಪ್ಪು ಲಿಖಿತಾಳದ್ದಲ್ಲ. "ಚೆಂಡು ಬರುವ ಮೊದಲು ಹಿಂದೆ ನೋಡುವುದಿಲ್ಲ" ಎಂದು ನಿರಂಜನ ಬರೆದದ್ದು ಸರೋಜಳ ವರದಿಯಲ್ಲಿ. ಸರೋಜಳಿಗೆ ಅದನ್ನು ನಾನು ಎರಡು ತಿಂಗಳಲ್ಲಿ ತಿದ್ದಿದೆ, ಅದು ಬೇರೆ ಮಾತು. ನನ್ನ ಮಗಳ ವರದಿಯಲ್ಲಿದ್ದದ್ದು ಹೀಗೆ: "ಒಂದು ಸಲ ನೋಡಿದರೆ ಇಡೀ ಮೈದಾನ ಕಾಣುತ್ತದೆ ಈ ಹುಡುಗಿಗೆ." ಮೂರನೆಯ ಹೆಸರಿಗೆ ಇಬ್ಬರು ಎಂದು ಬರೆದೆನಲ್ಲ, ಅದೂ ಸುಳ್ಳು. ಅವಳ ಹೆಸರು ನಿರಂಜನನ ಪಟ್ಟಿಯಲ್ಲಿ ಮೊದಲನೆಯದಾಗಿತ್ತು.

ಆಯ್ಕೆಗೆ ಎರಡು ದಿನ ಮೊದಲು ಗೇಟಿನ ಹತ್ತಿರ ಯಾರೋ ಅಪ್ಪ ಅಮ್ಮ ಮಾತಾಡಿಕೊಳ್ಳುತ್ತಿದ್ದರು. "ಕೋಚಮ್ಮನ ಮಗಳದ್ದು ಬಿಡಿ, ಅದು ಪಕ್ಕಾ." ಆ ಒಂದು ಮಾತಿಗೆ ನಾನು ಹೆದರಿದೆ. ಹೆದರಿಕೆಗೆ ನಿನ್ನ ಹೆಸರು ಇಟ್ಟುಕೊಂಡೆ, ನ್ಯಾಯ ಎಂದುಕೊಂಡೆ. ಅವಳು ಕಾರಣ ಕೇಳುತ್ತಾಳೆ ಎಂದು ಮಾತ್ರ ನಾನು ಯೋಚಿಸಿರಲಿಲ್ಲ. ಕೇಳಿದಾಗ ಮುಂದಿದ್ದ ಹಾಳೆಯಿಂದ ಬೇರೆಯವಳ ತಪ್ಪನ್ನು ಓದಿ ಹೇಳಿದೆ. ನಿರಂಜನ ನನ್ನ ಮುಖ ನೋಡಿದ. ಅವಳು ಹೊರಗೆ ಹೋದ ಮೇಲೆ, "ಮೇಡಂ, ಅದು..." ಎಂದ. "ಗೊತ್ತು" ಎಂದೆ. ಅವನು ಮತ್ತೆ ಆ ಮಾತು ಎತ್ತಿಲ್ಲ.

ಅಕ್ಟೋಬರ್‌ನ ಆ ಮ್ಯಾಚಿನಲ್ಲಿ ಅವಳು ಮೂರು ಸಲ ತಿರುಗಿ ನೋಡುತ್ತಿದ್ದಳು ಎಂದು ಹೆಮ್ಮೆಯಿಂದ ಬರೆದೆನಲ್ಲ. ಮೊದಲು ಅವಳಿಗೆ ಒಂದೇ ಸಲ ಸಾಕಿತ್ತು. ಈಗ ತನ್ನ ಕಣ್ಣನ್ನೇ ನಂಬುವುದಿಲ್ಲ, ಪಾಸು ಅರ್ಧ ಕ್ಷಣ ತಡವಾಗಿ ಹೊರಡುತ್ತದೆ. ಕಾಣುತ್ತಿದ್ದ ಹುಡುಗಿಗೆ ನಿನಗೆ ಕಾಣುವುದಿಲ್ಲ ಎಂದು ಹೇಳಿದವಳು ನಾನು. ಅದಕ್ಕೆ ಅವಳು ನನಗೆ ಥ್ಯಾಂಕ್ಸ್ ಹೇಳಿದಳು.

ಅವಳು ಸಿಟ್ಟು ಮಾಡಿದ್ದರೆ ಬಹುಶಃ ತಡೆದುಕೊಳ್ಳುತ್ತಿದ್ದೆ.

ಶನಿವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಟಿಕೆಟು ತೆಗೆದಾಗಿದೆ, ಗಣೇಶನಿಗೂ ಎಲ್ಲ ಹೇಳಿದ್ದೇನೆ. ಭಾನುವಾರ ನಿನ್ನ ಮನೆಯಲ್ಲಿ ಅವಳು ಊಟಕ್ಕೆ ಕೂರುವ ಮೊದಲು ನಾನೇ ಹೇಳುತ್ತೇನೆ. ಈ ಕಾಗದ ಈಗಲೇ ಸ್ಪೀಡ್ ಪೋಸ್ಟಿಗೆ ಹಾಕುತ್ತಿದ್ದೇನೆ, ನನಗಿಂತ ಮೊದಲು ನಿನಗೆ ತಲುಪಬೇಕು. ಒಂದು ವೇಳೆ ಭಾನುವಾರ ನಾನು ಬಾಗಿಲಿಗೆ ಬರದೆ ಹೋದರೆ, ಇದನ್ನು ಅವಳ ಕೈಗೆ ಕೊಟ್ಟುಬಿಡು.