ಫ್ರಿಜ್ಜಿನಲ್ಲಿ ಉಳಿದ ಅರ್ಧ ಬಾಟಲಿ

ಶಿವಮೊಗ್ಗ
13-2-2025, ಗುರುವಾರ ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ, ಗೌರಿಯ ನಮಸ್ಕಾರ.

ನಾವು ಕ್ಷೇಮ ಎಂದು ಬರೆಯುವ ಧೈರ್ಯ ಇವತ್ತು ಬಂದಿದೆ. ಬೆಳಿಗ್ಗೆ ಪುಟ್ಟಿಯ ಜ್ವರ ಇಳಿಯಿತು. ಉಚ್ಚೆ ಹೊಯ್ಯುವಾಗ ಅಳಲಿಲ್ಲ. ಒಂದೂವರೆ ಇಡ್ಲಿ ತಿಂದು ಮಲಗಿದ್ದಾಳೆ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ದನಿ ಕೇಳಿದರೆ ನನಗೆ ಮತ್ತೆ ಸುಳ್ಳೇ ಬಾಯಿಗೆ ಬರುತ್ತದೆ. ತಮ್ಮ ವಿಷ್ಣು ಸಂಜೆ ಭದ್ರಾವತಿಗೆ ವಾಪಸ್ ಬರುತ್ತಾನಲ್ಲ, ಅವನ ಕೈಯಲ್ಲಿ ಈ ಕಾಗದ ಕೊಟ್ಟು ಕಳಿಸುತ್ತೇನೆ.

ಆಸ್ಪತ್ರೆಯ ಈ ವಾರ್ಡಿನಲ್ಲಿ ಹಗಲೂ ಅರ್ಧ ನಿದ್ದೆಯೇ. ಹಸಿರು ಪರದೆಯಿಂದ ಸೋಸಿ ಬರುವ ಬಿಸಿಲು, ಡ್ರಿಪ್ಪಿನ ತೊಟ್ಟು. ಜ್ವರದಲ್ಲಿ ಪುಟ್ಟಿ, "ಅಮ್ಮಾ, ಹೊಳೆ ಬಂತು, ಕಾಲು ಮೇಲಿಟ್ಕೋ" ಎಂದಳು. ನಾನು ನಿಜಕ್ಕೂ ಕಾಲು ಮಡಚಿಕೊಂಡೆ. ಕಣ್ಣು ಮುಚ್ಚಿದರೆ ಕಾಗದನಗರದ ನಮ್ಮ ಹಳೇ ಕ್ವಾರ್ಟರ್ಸ್. ಪೇಪರ್ ಮಿಲ್ಲಿನ ಸೈರನ್ ಆಗುತ್ತದೆ, ನೀನು ಕಪಾಟಿನಿಂದ ಬಿಸ್ಕತ್ತಿನ ಡಬ್ಬಿ ಇಳಿಸುತ್ತೀ. ಅದರ ತುಂಬ ಆ ಸಾಲಿನ ಮನೆಗಳಲ್ಲೆಲ್ಲ ಉಳಿದ ಮಾತ್ರೆಗಳು. ಬಾಗಿಲಲ್ಲಿ ಹೆಂಗಸರು, ಅವರ ಸೊಂಟದಲ್ಲಿ ಕೆಮ್ಮುವ ಮಕ್ಕಳು. ಔಷಧಿ ಚೆಲ್ಲುವುದು ಅನ್ನ ಚೆಲ್ಲಿದಷ್ಟೇ ಪಾಪ ಎಂದು ನಂಬಿ ಬೆಳೆದವರು ನಾವು.

ಈಗ ನಿಜ ಕೇಳು. ಕಳೆದ ವರ್ಷ ಪುಟ್ಟಿಗೆ ಮೊದಲ ಸಲ ಉರಿಮೂತ್ರ ಆದಾಗ ಏಳು ದಿನಕ್ಕೆ ಸಿರಪ್ ಬರೆದುಕೊಟ್ಟಿದ್ದರು. ಮೂರನೇ ದಿನ ಜ್ವರ ಬಿಟ್ಟಿತು, ನಿಲ್ಲಿಸಿಬಿಟ್ಟೆ. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟೆ. ದೀಪಾವಳಿಯಲ್ಲಿ ಮತ್ತೆ ಉರಿ ಎಂದಳು. ಹಬ್ಬಕ್ಕೆ ಬಂದಿದ್ದ ನೀನು ಡಾಕ್ಟರಿಗೆ ತೋರಿಸು ಎಂದೆ. ಹೂಂ ಎನ್ನುತ್ತಲೇ, ನಿನಗೆ ಹೇಳದೆ, ಅದೇ ಬಾಟಲಿಯಿಂದ ಕೊಟ್ಟೆ. ಸಂಕ್ರಾಂತಿಗೆ ಹಳೇ ಚೀಟಿ ತೋರಿಸಿ ಮೆಡಿಕಲ್ಲಿನಿಂದ ಇನ್ನೊಂದು ತಂದೆ. ಅದೂ ಅರ್ಧಕ್ಕೇ ನಿಂತಿತು. ಮೂತ್ರ ಪರೀಕ್ಷೆ ಮಾಡಿಸಲು ರಜೆ ಹಾಕಬೇಕಲ್ಲ ಎಂಬ ಸೋಮಾರಿತನ ನನ್ನದು. ಸ್ಕೂಲಿನ ಶೌಚಾಲಯ ಗಲೀಜೆಂದು ಅವಳು ಮನೆಗೆ ಬರುವವರೆಗೂ ತಡೆದುಕೊಳ್ಳುತ್ತಿದ್ದಳಂತೆ. ಅದನ್ನೂ ನಾನು ಕೇಳಿರಲಿಲ್ಲ.

ಸೋಮವಾರ ಅವಳನ್ನು ಇಲ್ಲಿಗೆ ಸೇರಿಸುವಾಗ ಡಾಕ್ಟರ್ ಉಮಾಮಹೇಶ್ವರಿ, ಹಿಂದೆ ಆಂಟಿಬಯೋಟಿಕ್ ಏನಾದರೂ ಕೊಟ್ಟಿದ್ದೀರಾ ಎಂದು ಕೇಳಿದಾಗ ಇಲ್ಲ ಎಂದೆ. ಸಾಲದ್ದಕ್ಕೆ ನಿನ್ನ ಕಡೆ ತಿರುಗಿ, "ನೀನು ಉಷ್ಣ ಉಷ್ಣ ಅಂತ ಬಾರ್ಲಿ ನೀರು ಕುಡಿಸ್ತಾ ಕೂತಿದ್ದಕ್ಕೇ ಹಿಂಗಾಗಿದ್ದು" ಎಂದೆ. ನೀನು ಬ್ಯಾಗೆತ್ತಿಕೊಂಡು ಹೊರಟುಹೋದೆ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಂಡವಳು ನಾಲ್ಕು ವರ್ಷದ ಕೂಸು.

ನಿನ್ನೆ ಕಲ್ಚರ್ ರಿಪೋರ್ಟ್ ಬಂತು. ಅವಳ ಮೂತ್ರದಲ್ಲಿರುವ ರೋಗಾಣುವಿಗೆ ಮಾಮೂಲಿ ಔಷಧಿ ಯಾವುದೂ ನಾಟುವುದಿಲ್ಲವಂತೆ. ಅರ್ಧರ್ಧ ಕೊಟ್ಟು ಕೊಟ್ಟು ನಾನೇ ಅದನ್ನು ಪಳಗಿಸಿದ್ದೆ. ನಾಟುವಂಥವು ಎರಡೇ ಎರಡು ಇಂಜೆಕ್ಷನ್ ಉಳಿದಿದ್ದವು, ಅದರಲ್ಲೊಂದನ್ನೇ ಈಗ ಕೊಡುತ್ತಿದ್ದಾರೆ. ಕಿಡ್ನಿಗೆ ಏನಾಗಿದೆಯೋ ಎಂದು ಸ್ಕ್ಯಾನ್ ಮುಗಿಯುವವರೆಗೆ ಬಾಗಿಲ ಹೊರಗೇ ನಿಂತಿದ್ದೆ. ಸದ್ಯ, ಏನೂ ಆಗಿಲ್ಲ.

ನನ್ನನ್ನು ಬೈಯಿ, ಎಷ್ಟು ಬೇಕಾದರೂ ಬೈಯಿ. ಆದರೆ ಬಾ. ಎಚ್ಚರವಾದಾಗಲೆಲ್ಲ ಅವಳು ಅಜ್ಜಿ ಎಲ್ಲಿ ಎಂದು ಕೇಳುತ್ತಾಳೆ, ನಾನು ಪರದೆ ಸರಿಮಾಡುವ ನೆಪದಲ್ಲಿ ಎದ್ದು ಹೋಗುತ್ತೇನೆ.

ನಿನ್ನ ಮುಂದೆ ತಲೆ ತಗ್ಗಿಸಿ ನಿಂತಿರುವ,
ಗೌರಿ

ತಾ.ಕ.: ಸಹಿ ಹಾಕಿದ ಮೇಲೆ ಡಾಕ್ಟರ ಬಳಿ ಹೋಗಿ ಎಲ್ಲ ಒಪ್ಪಿಕೊಂಡೆ. ಅವರಿಗೆ ಆಶ್ಚರ್ಯವಾಗಲಿಲ್ಲ, ಫೈಲು ತೆರೆದು ತೋರಿಸಿದರು. ಸೋಮವಾರ ನೀನು ಹೋಗುವ ಮೊದಲು ಅವರನ್ನು ಕಾರಿಡಾರಿನಲ್ಲಿ ನಿಲ್ಲಿಸಿ, "ಸಿರಪ್ ಕೊಟ್ಟಿದ್ದು ನಾನೇ ಡಾಕ್ಟ್ರೇ, ಅರ್ಧರ್ಧ ಬಾಟ್ಲಿ. ನನ್ ಮಗಳಿಗೆ ಗೊತ್ತಿಲ್ಲ, ಅವಳನ್ನ ಬೈಬೇಡಿ" ಎಂದೆಯಂತೆ. ಫ್ರಿಜ್ಜಿನ ಬಾಟಲಿಗಳನ್ನು ನೀನು ನೋಡಿಯೇ ಇದ್ದೆ ಎಂದು ನನಗೆ ಆಗ ಹೊಳೆಯಿತು. ನಿನ್ನ ಮಾತು ಕೇಳಿದ್ದಕ್ಕೇ ಅವರು ಮಾಮೂಲಿ ಔಷಧಿ ಬಿಟ್ಟು ಮೊದಲ ದಿನದಿಂದಲೇ ಈ ಇಂಜೆಕ್ಷನ್ ಶುರು ಮಾಡಿದ್ದು. ಫೈಲಿನಲ್ಲಿ "ಅಜ್ಜಿ ಕೊಟ್ಟಿದ್ದಾರೆ" ಎಂದು ಬರೆದಿತ್ತು, ಅಮ್ಮಾ. ನಾನು ಅಲ್ಲೇ ನಿಂತು ಅದನ್ನು ಹೊಡೆದುಹಾಕಿಸಿ, "ತಾಯಿ" ಎಂದು ಬರೆಸಿದೆ.