ಏರ್‌ಬ್ಲಾಸ್ಟ್ ಎಂದು ಬರೆದ ಫಾರಂ

ಕ್ಯಾಸಂಬಳ್ಳಿ
12-11-1989

ಅಮ್ಮಾಜಿಗೆ ನಿನ್ನ ಅತ್ತಿಗೆಯ ಆಶೀರ್ವಾದ. ಇಲ್ಲಿ ಕ್ಷೇಮ ಎಂದು ಬರೆಯುವುದು ರೂಢಿ. ಕ್ಷೇಮವಿಲ್ಲ.

ಮೊನ್ನೆ ನಿಮ್ಮ ಡಾಕ್ಟರು ಬಂಗಾರಪೇಟೆಯಿಂದ ಬಸ್ಸು ಹತ್ತಿ ನನ್ನ ತವರಿಗೇ ಬಂದಿದ್ದರು. ಅವರಿಗಾಗಿ ನೀನು ಮನೆಮನೆಗೆ ಹೋಗಿ ತುಂಬಿದ ಕೈನಡುಕದ ಫಾರಂಗಳಲ್ಲಿ ನಮ್ಮದೊಂದೇ ಲೆಕ್ಕಕ್ಕೆ ಹೊಂದುತ್ತಿಲ್ಲವಂತೆ. ವಂಶದಲ್ಲಿ ಬರುವ ಈ ನಡುಕ ಯಾರಿಂದ ಬಂದರೂ ಒಂದೇ ಆಗಿದ್ದರೆ ನಡುಗುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ತಂದೆಯಿಂದ, ಅರ್ಧ ಜನಕ್ಕೆ ತಾಯಿಯಿಂದ ಬಂದಿರಬೇಕಿತ್ತು. ಇಪ್ಪತ್ತಮೂರರಲ್ಲಿ ಇಪ್ಪತ್ತೆರಡು ಮಕ್ಕಳಿಗೆ ತಂದೆಯಿಂದಲೇ ಬಂದಿದೆ. ತಾಯಿಯಿಂದ ಬಂದರೆ ಅದು ಮೈಯೊಳಗೇ ಸುಮ್ಮನಿದ್ದುಬಿಡುತ್ತದೆ ಎಂದರು. ಫಾರಂ ಪ್ರಕಾರ ತಾಯಿಯಿಂದ ಬಂದು ನಡುಗುತ್ತಿರುವವಳು ನನ್ನ ಮಗಳು ಸುಗುಣಾ ಒಬ್ಬಳೇ.

ಫಾರಂ ತೋರಿಸಿದರು. ಅತ್ತೆಯ ಹೆಸರಿನ ಮುಂದೆ ನಿನ್ನ ದುಂಡು ಅಕ್ಷರ: 'ಏರ್‌ಬ್ಲಾಸ್ಟ್ ಭಯದಿಂದ ಕೈನಡುಕ.' ಗಣಿಯ ಆಳದಲ್ಲಿ ಬಂಡೆ ಸಿಡಿದು ಏರ್‌ಬ್ಲಾಸ್ಟಾಗಿ ಊರಿಗಾಂ ಲೈನಿನ ಗಣಿಮನೆಗಳೆಲ್ಲ ಅದುರಿದ ದಿನ ಅದು ಶುರುವಾಯಿತೆಂದು ನಿಮ್ಮಮ್ಮ ಹೇಳಿಕೊಂಡು ಬಂದಿರುವುದು ನಿಜ. ಆದರೆ ಅವರ ಚಿಕ್ಕಮ್ಮ ಅಕ್ಕಯ್ಯಮ್ಮ ನಮ್ಮಿಬ್ಬರ ಎದುರಿಗೇ, "ಮೂರು ವರ್ಸದವ್ಳಾಗಿದ್ದಾಗ್ಲೇ ಲೋಟ ಇಡ್ಕಂಡ್ರೆ ಚೆಲ್ಲೋಳು ಕಣಮ್ಮ, ಅವ್ರಪ್ಪಂಗೂ ಅಂಗೇ ಇತ್ತು" ಎಂದಿದ್ದರಲ್ಲ. ನೀನು ತಲೆ ಎತ್ತದೆ ರಾಗಿ ಕೇರುತ್ತಿದ್ದೆ. ಅವರಪ್ಪನಿಂದ ಅತ್ತೆಗೆ ಬಂದದ್ದು ನಿಮ್ಮಣ್ಣನ ಮೈಯಲ್ಲಿ ಸುಮ್ಮನಿದ್ದು ಸುಗುಣಾಳ ಕೈಗೆ ಬಂದಿದೆ.

ಆ ಒಂದು ಸಾಲಿನಿಂದ ಕಾಯಿಲೆ ನಿಮ್ಮ ಮನೆ ಬಿಟ್ಟು ನನ್ನ ತಲೆಗೆ ಬಂತು. ಕೆಟ್ಟ ರಕ್ತದವಳೆಂದು ಅತ್ತೆ ನನ್ನನ್ನೂ ಮಗುವನ್ನೂ ಇಲ್ಲಿಗೆ ಅಟ್ಟಿದರು. ಈಗ ನಿಮ್ಮಣ್ಣನಿಗೆ ರಾಬರ್ಟ್‌ಸನ್‌ಪೇಟೆಯಲ್ಲಿ ಬೇರೆ ಹೆಣ್ಣು ನೋಡುತ್ತಿದ್ದಾರಂತೆ. ಅತ್ತೆ ಅಂದಿದ್ದನ್ನು ಹೇಗೋ ನುಂಗಿಕೊಂಡೆ. ಒಂದೇ ತಟ್ಟೆಯಲ್ಲಿ ಉಂಡವಳು ನೀನು, ನನ್ನ ಹೆರಿಗೆಯ ದಿನ ಕೈ ಹಿಡಿದು ಕೂತವಳು. ನೀನು ಬರೆದಿದ್ದನ್ನು ನುಂಗಲಾರೆ, ಅಮ್ಮಾಜಿ.

ಫಾರಂನ ಈ ಸಾಲು ಸರಿಯೇನಮ್ಮ ಎಂದು ಡಾಕ್ಟರು ಕೇಳಿದರು. ಬರೆದವಳನ್ನೇ ಕೇಳಿ ಎಂದೆ. ಇಪ್ಪತ್ತನೇ ತಾರೀಕು ಸೋಮವಾರ ನಿನ್ನ ಹತ್ತಿರ ಬರುತ್ತಾರೆ. ನಿಮ್ಮಣ್ಣನನ್ನು ಎದುರಿಗೆ ಕೂರಿಸಿಕೊಂಡು ನಿಜ ಹೇಳು.

ಇವತ್ತಿನವರೆಗೂ ನಿನ್ನ ಅತ್ತಿಗೆ,
ಕನಕಮ್ಮ

ವಿ.ಸೂ.: ನೀನು ಬಸುರಿಯಂತೆ, ಡಾಕ್ಟರು ಹೇಳಿದರು. ನಿನ್ನ ಗಂಡನ ಮನೆಯವರಿಗೆ ಹೆದರಿ ಹಾಗೆ ಬರೆದೆಯೇನೋ. ನಿನ್ನ ಕೂಸಿನ ಕೈ ನಡುಗುವುದಿಲ್ಲ. ಬಂದಿದ್ದರೂ ತಾಯಿಯಿಂದ ತಾನೇ, ಮೈಯೊಳಗೇ ಸುಮ್ಮನಿರುತ್ತದೆ. ಆದರೆ ಗಂಡಾಗಿ, ಮುಂದೆ ಅವನ ಮಗುವಿನ ಕೈ ನಡುಗಿದರೆ, ಸೊಸೆಯನ್ನು ತವರಿಗೆ ಕಳಿಸಬೇಡ.