ಆರು ತಿಂಗಳ ರಜೆಯ ಕಡತ

ವಿಶ್ವವಿದ್ಯಾಲಯದ ದಾಖಲೆ ವಿಭಾಗ, ನೆಲಮಾಳಿಗೆ
ಗುರುವಾರ, ೧೮ನೇ ತಾರೀಖು, ಊಟದ ಬಿಡುವು

ನನ್ನ ಪ್ರೀತಿಯ ಮನೆಯೊಡತಿಗೆ,

ಹೇಗಿದ್ದೀಯೆ? ಸೊಂಟದ ನೋವು ಕಡಿಮೆಯಾಯಿತೆ? ಹಗಲೆಲ್ಲ ಮಗುವನ್ನು ಎತ್ತಿಕೊಂಡೇ ಓಡಾಡುತ್ತೀ ಎಂದು ಅಳಿಯ ನಿನ್ನ ಮೇಲೆ ಚಾಡಿ ಹೇಳಿದ. ಎರಡು ತಿಂಗಳ ಮಗುವಿಗೆ ಲೋಕ ತೋರಿಸುವ ಅವಸರವೇನಿಲ್ಲ, ಸ್ವಲ್ಪ ಕೂತುಕೋ. ಮಗಳಿಗೆ ನಿದ್ದೆ ಸಿಗುತ್ತಿದೆಯಾ? ಅಳುವಾಗ ಮೊಮ್ಮಗಳ ಮೂಗು ಥೇಟ್ ನನ್ನ ಹಾಗೆ ಕೆಂಪಗಾಗುತ್ತದೆ ಎಂದು ಬರೆದಿದ್ದೆಯಲ್ಲ, ಓದಿದವನೇ ಕನ್ನಡಿಯ ಮುಂದೆ ನಿಂತು ಮೂಗು ನೋಡಿಕೊಂಡೆ. ನಾನಂತೂ ಗಟ್ಟಿಯಾಗಿದ್ದೇನೆ. ಎರಡು ಪಾತ್ರೆಯ ತಳ ಸುಟ್ಟಿದ್ದು ಬಿಟ್ಟರೆ ಅಡುಗೆಮನೆ ನೀನು ಬಿಟ್ಟುಹೋದ ಹಾಗೇ ಇದೆ. ಸಕ್ಕರೆ ಡಬ್ಬಿಯ ಹಿಂದಿನ ಇರುವೆ ಸಾಲನ್ನು ಒರೆಸಿಲ್ಲ, ಹೆದರಬೇಡ. “ರೀ, ಕೈ ಹಾಕ್ಬೇಡಿ, ಅವು ಎಲ್ಲಿಗೆ ಹೋಗ್ತವೆ ನೋಡ್ಬೇಕು” ಅಂತ ಮದುವೆಯಾದಾಗಿನಿಂದ ಹೇಳಿಸಿಕೊಂಡವನು ನಾನು. ಈಗ ಅವು ಕಿಟಕಿ ಬಳಸಿ ಒಲೆಯ ಹಿಂದಕ್ಕೆ ಹೋಗಿವೆ. ಯಾಕೆ ಅಂತ ನೀನೇ ಬಂದು ವಿಚಾರಿಸಿಕೋ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾವು ಎರಡು ಮಾತಾಡುವಷ್ಟರಲ್ಲಿ ಮಗು ಎದ್ದು ಕಿರುಚುತ್ತದೆ. ಮೇಲಾಗಿ ನಾನು ಎಷ್ಟೆಂದರೂ ಕಾಗದದ ಮನುಷ್ಯ. ಬರೆದಿಡದ ಮಾತು ನನಗೆ ಆಡಿದ ಹಾಗೇ ಅನ್ನಿಸುವುದಿಲ್ಲ.

ಇಲ್ಲಿನ ಸುದ್ದಿ ಕೇಳು. ರಿಜಿಸ್ಟ್ರಾರ್ ಮೇಡಂ ನನಗೆ ಎರಡು ಕೆಲಸ ಗಂಟುಹಾಕಿದ್ದಾರೆ. ನಾನು ನಿವೃತ್ತನಾಗುವುದರೊಳಗೆ ನಮ್ಮ ವಿಭಾಗದಲ್ಲಿ ಬಳಸುವ ಪದಗಳಿಗೆಲ್ಲ ಅರ್ಥ ಬರೆದು ಹೊಸಬರಿಗೆ ಒಂದು ಕೈಪಿಡಿ ಮಾಡಿಕೊಡಬೇಕಂತೆ. ಜೊತೆಗೆ, ಕೆಲಸ ಮುಗಿದ ಹಳೇ ಕಡತಗಳ ವಿಲೇವಾರಿ ಪಟ್ಟಿ ತಯಾರಿಸಬೇಕು. ಈ ತಿಂಗಳ ಮೂವತ್ತರ ಸಂಜೆ ಐದಕ್ಕೆ ಆ ಪಟ್ಟಿಗೆ ನನ್ನ ಸಹಿ. ಮರುದಿನ ಲಾರಿ ಬಂದು ಎಲ್ಲವನ್ನೂ ಹೇರಿಕೊಂಡು ಹೋಗಿ ಅರೆದು ರಟ್ಟು ಮಾಡುತ್ತದೆ. ಪದಗಳಿಗೆ ಅರ್ಥ ಬರೆಯುವಾಗ ನನಗೆ ಮನೆಯೇ ನೆನಪಾಗುತ್ತದೆ, ಏನು ಮಾಡಲಿ? ‘ಚಾಲ್ತಿ ದಾಖಲೆ: ದಿನಕ್ಕೆ ಹತ್ತು ಸಲ ಬೇಕಾಗುವುದು, ಹತ್ತು ಸಲವೂ ಹುಡುಕಬೇಕಾಗುವುದು, ಹೆಂಡತಿಯ ಕನ್ನಡಕದಂತೆ’ ಎಂದು ಬರೆದೆ. ‘ಅರೆಚಾಲ್ತಿ ದಾಖಲೆ: ನೆಂಟರು ಬಂದಾಗ ಮಾತ್ರ ಅಟ್ಟದಿಂದ ಇಳಿಯುವ ದೊಡ್ಡ ಪಾತ್ರೆ.’ ಶಾಶ್ವತ ದಾಖಲೆಗೆ ನಿನ್ನ ತಂಗಿಯನ್ನೇ ಉದಾಹರಣೆ ಕೊಟ್ಟೆ. ಮದುವೆಯ ದಿನ ನಾನು ಎಡವಿ ಬಿದ್ದದ್ದನ್ನು ಅವಳು ಇಂದಿಗೂ ಮರೆತಿಲ್ಲ, ಮರೆಯಲು ಬಿಟ್ಟೂ ಇಲ್ಲ. ಮೇಡಂ ಓದಿ, “ಏನ್ರೀ ಸೂಪರಿಂಟೆಂಡೆಂಟ್ರೇ, ಇದು ಕೈಪಿಡೀನೋ ನಿಮ್ಮನೆ ಕಥೇನೋ?” ಎಂದು ನಕ್ಕರು. ಆದರೆ ಈ ಮೂರರಲ್ಲಿ ಒಂದನ್ನೂ ಹೊಡೆದುಹಾಕಲಿಲ್ಲ.

ಹೊಡೆದುಹಾಕಿದ್ದು ಬೇರೊಂದನ್ನು. ‘ಮುಕ್ತಾಯವಾದ ಕಡತ’ ಎಂಬುದಕ್ಕೆ ನಾನು, ಹತ್ತು ವರ್ಷ ಯಾರೂ ತೆರೆಯದ, ಹೊಸ ಹಾಳೆ ಸೇರದ ಕಡತ ಎಂದು ಬರೆದಿದ್ದೆ. ಬರೆದದ್ದಷ್ಟೇ ಅಲ್ಲ, ಅದೇ ಲೆಕ್ಕದಲ್ಲಿ ನಾನೂ ಗೋಂದೂ ಸೇರಿ ಇನ್ನೂರ ಹನ್ನೆರಡು ಕಡತ ಆರಿಸಿ, ಕಟ್ಟು ಕಟ್ಟಿ, ಲಾರಿಗೆಂದು ಬಾಗಿಲ ಪಕ್ಕ ಒಟ್ಟಿಯೂ ಆಗಿತ್ತು. (ಗೋಂದು ನಿನಗೆ ಗೊತ್ತಲ್ಲ, ನಮ್ಮ ಬೈಂಡರ್, ಅವನ ಕೈ ಕುಲುಕಿದರೆ ಬಿಡಿಸಿಕೊಳ್ಳುವುದು ಕಷ್ಟ.) ಮೇಡಂ ಆ ಸಾಲಿನ ಮೇಲೆ ಬೆರಳಿಟ್ಟು, “ಹತ್ತು ವರ್ಷ ಯಾರೂ ಮುಟ್ಲಿಲ್ಲ ಅಂದ್ರೆ ಮುಗೀತು ಅಂತಾನಾ? ಕೊನೇ ಹಾಳೇಲಿ ಆದೇಶ ಇದ್ಯಾ, ನೋಡಿದ್ರಾ?” ಎಂದರು. ನೋಡಿರಲಿಲ್ಲ. ಕಡತ ತಾನಾಗಿ ಮುಗಿಯುವುದಿಲ್ಲ, ಯಾರಾದರೂ ಕೊನೆಯ ಹಾಳೆಯಲ್ಲಿ ‘ಮುಕ್ತಾಯ’ ಎಂದು ಬರೆದು ಸಹಿ ಹಾಕಬೇಕು, ಅಲ್ಲಿಯವರೆಗೆ ಎಷ್ಟೇ ಧೂಳು ಹಿಡಿದಿರಲಿ ಅದು ನಡೆಯುತ್ತಿರುವ ಕಡತವೇ. ಮೂವತ್ತು ವರ್ಷದಿಂದ ಬಂದಬಂದವರಿಗೆಲ್ಲ ಇದನ್ನು ಬಾಯಿಪಾಠ ಮಾಡಿಸಿದವನು ನಾನೇ, ಅವಸರದಲ್ಲಿ ಮರೆತವನೂ ನಾನೇ. ಗೋಂದು ಸೊಂಟದ ಮೇಲೆ ಕೈಯಿಟ್ಟು, “ಕಟ್ಟಿದ್ದೂ ನಾನೇ, ಬಿಚ್ಚೋದೂ ನಾನೇನಾ ಸಾರ್?” ಎಂದು ನನ್ನನ್ನು ದುರುಗುಟ್ಟಿಕೊಂಡು ನೋಡಿದ.

ಬಿಚ್ಚುತ್ತ ಕೂತೆವು. ಏಳನೆಯ ಕಟ್ಟಿನಲ್ಲಿ ಒಂದು ಕಡತದ ಕೊನೆಯ ಹಾಳೆ ತಿರುಗಿಸಿದರೆ ಅಕ್ಷರ ಎಲ್ಲೋ ನೋಡಿದಂತಿತ್ತು. ನೋಡದೆ ಏನು, ನನ್ನದೇ ಅಕ್ಷರ! ಕೆಳಗೆ ನಿನ್ನ ಸಹಿ. ಅದು ನಿನ್ನ ಸಂಶೋಧನೆಯ ಕಡತ ಕಣೇ. ಇರುವೆಗಳು ದಾರಿ ಹುಡುಕುವ ಬಗ್ಗೆ ನೀನು ಮಾಡುತ್ತಿದ್ದೆಯಲ್ಲ, ಅದೇ. ಒಳಗೆ ಹಾಸ್ಟೆಲಿನ ಹಿಂಗೋಡೆಯ ನಕ್ಷೆ, ಮೂರು ಬಣ್ಣದ ಶಾಯಿಯಲ್ಲಿ ಬೆಳಗಿನ ಸಾಲು, ಮಧ್ಯಾಹ್ನದ ಸಾಲು, ಸಂಜೆಯ ಸಾಲು. ಎರಡು ವರ್ಷದ ಕೆಲಸ. ಕೊನೆಗೆ, ಮಗಳು ಹುಟ್ಟಿದ ತಿಂಗಳು ಕೊಟ್ಟ ಈ ರಜೆ ಅರ್ಜಿ. “ನೀನು ಮಗೂನ ನೋಡ್ಕೋ, ಅರ್ಜಿ ನಾನು ಬರೀತೀನಿ, ನೀನು ಸಹಿ ಹಾಕು ಸಾಕು” ಎಂದಿದ್ದೆ. ಆರು ತಿಂಗಳ ರಜೆ. ಪಕ್ಕದಲ್ಲಿ ನಿನ್ನ ಮೇಷ್ಟ್ರು, ‘ಮಂಜೂರು. ಮರಳಿದ ಮೇಲೆ ಮುಂದುವರಿಸುವುದು’ ಎಂದು ಬರೆದಿದ್ದಾರೆ. ಅದೇ ಕೊನೆ. ಇಪ್ಪತ್ತೇಳು ವರ್ಷದಿಂದ ಆ ಕಡತ ರಜೆಯಲ್ಲೇ ಇದೆ.

ಮಗಳು ಶಾಲೆಗೆ ಸೇರಿದ ವರ್ಷ, “ಈಗ ಹೋಗ್ಲಾ?” ಎಂದು ನೀನೊಮ್ಮೆ ಕೇಳಿದ್ದೆ. “ಈಗೇನು ಅವಸರ, ಆಮೇಲೆ ನೋಡಿದ್ರಾಯ್ತು” ಎಂದು ನಾನು ಪೇಪರಿನಿಂದ ತಲೆಯೆತ್ತದೆ ಹೇಳಿದ್ದೆ. ಆಮೇಲೆ ನೀನು ಕೇಳಲೂ ಇಲ್ಲ, ನಾನು ನೋಡಲೂ ಇಲ್ಲ. ಇಷ್ಟೂ ವರ್ಷ ನಾನು ಕೂರುವ ಕುರ್ಚಿಯಿಂದ ಹನ್ನೊಂದು ಹೆಜ್ಜೆ ದೂರದ ಶೆಲ್ಫಿನಲ್ಲಿ ಅದು ಇತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಗೋಂದು ನನ್ನ ಮುಖ ನೋಡಿ, ಹೋಗಿ ಚಹಾ ತಂದುಕೊಟ್ಟ. ಅವನೂ ಒಳ್ಳೆಯವನೇ, ಬೈಗುಳ ಮುಗಿದ ಮೇಲೆ.

ಮೇಡಂ ಹತ್ತಿರ ಕಡತ ಹಿಡಿದುಕೊಂಡು ಹೋದೆ. “ಆದೇಶ ಇಲ್ಲ ಅಂದ್ಮೇಲೆ ನಡೀತಿರೋ ಕಡತಾನೇ. ಅಭ್ಯರ್ಥಿ ಮೂವತ್ತರೊಳಗೆ ಒಂದು ಹಾಳೆ ಕೊಟ್ರೆ ಮುಂದಕ್ಕೆ ಹೋಗತ್ತೆ, ಕೊಡದಿದ್ರೆ ನೀವೇ ಮುಕ್ತಾಯ ಅಂತ ಬರ್ದು ಪಟ್ಟಿಗೆ ಸೇರಿಸ್ಬೇಕು” ಎಂದರು. ನಿನ್ನ ಮೇಷ್ಟ್ರು ಈಗಿಲ್ಲ. ಅವರ ಜಾಗದಲ್ಲಿ ಹುಳುಹುಪ್ಪಟೆ ಅಂದರೆ ಪ್ರಾಣ ಬಿಡುವ ಒಬ್ಬ ಅಧ್ಯಾಪಕಿ ಇದ್ದಾರೆ. ನಕ್ಷೆ ತೋರಿಸಿದೆ. ಆಕೆ ಕೂತವರು ಎದ್ದು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, “ಅಯ್ಯೋ, ಇದನ್ನ ಮಾಡಿದೋರು ಈಗೆಲ್ಲಿದ್ದಾರೆ?” ಎಂದರು. “ನಮ್ಮನೇಲಿ” ಎಂದೆ. ಇಷ್ಟು ಜಂಬದಿಂದ ನಾನು ಯಾವ ಉತ್ತರವನ್ನೂ ಕೊಟ್ಟಿರಲಿಲ್ಲ.

ಬಿಡುವು ಮುಗಿಯುತ್ತ ಬಂತು. ಮಗಳಿಗೆ ನನ್ನ ಆಶೀರ್ವಾದ, ಅಳಿಯನಿಗೆ ಚಾಡಿ ಹೇಳಿದ್ದಕ್ಕೆ ವಿಶೇಷ ವಂದನೆ, ನಮ್ಮ ಕೆಂಪು ಮೂಗಿನ ಪುಟಾಣಿಗೆ ಎರಡು ಕೆನ್ನೆಗೂ ಒಂದೊಂದು ಮುತ್ತು. ನೀನು ಮಾತ್ರ ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ ನಿನ್ನ,
ತಳ ಸುಟ್ಟ ಪಾತ್ರೆಗಳ ಯಜಮಾನ

ಲಕೋಟೆ ಅಂಟಿಸುವ ಮುಂಚೆ ಇನ್ನೊಂದು ಮಾತು: ಜೊತೆಗೊಂದು ಹಾಳೆ ಇಟ್ಟಿದ್ದೇನೆ. ತಿರುಗಿಸಿ ಮುರುಗಿಸಿ ನೋಡಬೇಡ, ಎರಡೂ ಕಡೆ ಖಾಲಿಯೇ. ಈ ಸಲ ಅರ್ಜಿ ನಾನು ಬರೆಯುವುದಿಲ್ಲ. ಬೇಡ ಅನ್ನಿಸಿದರೆ ಬೇಡ ಎಂದು ಬರೆ, ಅದೂ ನಿನ್ನ ಅಕ್ಷರದಲ್ಲೇ ಇರಲಿ, ನಾನು ತಲೆಬಾಗಿಸಿ ಕಡತಕ್ಕೆ ಸೇರಿಸುತ್ತೇನೆ. ಬೇಕು ಅನ್ನಿಸಿದರೆ ‘ರಜೆ ಮುಗಿಯಿತು’ ಎಂಬ ಒಂದು ಸಾಲು ಸಾಕು. ಆದರೆ ಏನೂ ಬರೆಯದೆ ಸುಮ್ಮನಿರಬೇಡ ಕಣೇ. ನೀನು ಸುಮ್ಮನಿದ್ದರೆ ಮೂವತ್ತರ ಸಂಜೆ ಅದರ ಕೊನೆಯ ಹಾಳೆಯಲ್ಲಿ ‘ಮುಕ್ತಾಯ’ ಎಂದು ಬರೆಯಬೇಕಾದವನು ನಾನು. ಒಂದು ಸಲ ಅದು ನಿಂತದ್ದು ನನ್ನ ಅಕ್ಷರದಲ್ಲಿ. ಎರಡನೆಯ ಸಲವೂ ನನ್ನ ಕೈಯಲ್ಲೇ ಬರೆಸಬೇಡ.